ಬೀಗದ ಕೈ ಬರುವ ಮುಂಚಿನ ಒಂಬತ್ತು ತಿಂಗಳು

ಸ್ಟಾರ್‌ಫೀಲ್ಡ್ ಆಟ ಶುರುವಾಗುವುದು ಗಣಿಯೊಳಗೆ. ಕಲ್ಲು ಕೊರೆಯುತ್ತಿದ್ದ ಆಟಗಾರನ ಕೈಗೆ ಗಂಟೆ ಕಳೆಯುವುದರೊಳಗೆ ಒಂದು ಬಾಹ್ಯಾಕಾಶ ನೌಕೆ ಬರುತ್ತದೆ. ಮುಂದೆ ಸುಮಾರು ನೂರು ನಕ್ಷತ್ರ ವ್ಯವಸ್ಥೆಗಳು, ಸಾವಿರಕ್ಕೂ ಹೆಚ್ಚು ಗ್ರಹಗಳು. ಇಷ್ಟೆಲ್ಲ ಕಣ್ಣೆದುರಿಗಿದ್ದರೂ 2023ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಕಂಪ್ಯೂಟರ್ ಮುಂದೆ ಕೂತವರನ್ನು ಕಾಡಿದ್ದು ಹೆಗಲ ಮೇಲಿನ ಚೀಲ. ಆಯ್ದ ಬಂದೂಕು, ಅದಿರು, ಬಾಹ್ಯಾಕಾಶ ಉಡುಪು ಎಲ್ಲವೂ ಅದರೊಳಗೇ. ಆದರೆ ತೆರೆಯ ಮೇಲೆ ಆ ಪಟ್ಟಿ ಸೋಫಾದಲ್ಲಿ ಕೂತು ದೂರದ ಟಿ.ವಿ. ನೋಡುವವರಿಗೆಂದು ಮಾಡಿದಂತೆ ದಪ್ಪ ಅಕ್ಷರದಲ್ಲಿತ್ತು, ಒಮ್ಮೆಗೆ ಕೆಲವೇ ಸಾಲು ಕಾಣುತ್ತಿದ್ದವು. ಯಾವುದು ಭಾರ, ಯಾವುದಕ್ಕೆ ಬೆಲೆ, ಭಾರಕ್ಕೆ ತಕ್ಕ ಬೆಲೆ ಯಾವುದಕ್ಕಿದೆ ಎಂಬ ಲೆಕ್ಕವನ್ನು ಆಟಗಾರ ಮನಸ್ಸಿನಲ್ಲೇ ಹಾಕಬೇಕಿತ್ತು.

ಕೆಲವೇ ದಿನಗಳಲ್ಲಿ ‘ಸ್ಟಾರ್‌ಯುಐ ಇನ್ವೆಂಟರಿ’ ಎಂಬ ಮಾಡ್, ಅಂದರೆ ಆಟವನ್ನು ತಿದ್ದಲು ಆಟಗಾರರೇ ಮಾಡಿಕೊಳ್ಳುವ ಸೇರ್ಪಡೆ, ಬಂತು. ಅಚ್ಚುಕಟ್ಟಾದ ಕಾಲಂಗಳು, ಪ್ರತಿ ವಸ್ತುವಿಗೂ ಪುಟ್ಟ ಚಿತ್ರ, ತೂಕ ಮತ್ತು ಬೆಲೆಯ ಪಕ್ಕದಲ್ಲೇ ಇವೆರಡರ ಅನುಪಾತ. ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕದಷ್ಟು ಸ್ಪಷ್ಟ. ಇದನ್ನು ಮಾಡಿದ್ದು ಈ ಮುಂಚೆ ಫಾಲ್‌ಔಟ್ 4 ಆಟಕ್ಕೆ ‘ಫಾಲ್‌ಯುಐ’ ಕೊಟ್ಟಿದ್ದ ಮಾಡರ್. ಆ ಹೊತ್ತಿಗೆ ಆಟದ ತಯಾರಕರಾದ ಬೆಥೆಸ್ಡಾ ಮಾಡಿಂಗ್‌ಗೆಂದು ಒಂದೇ ಒಂದು ಉಪಕರಣವನ್ನೂ ಹೊರಗೆ ಕೊಟ್ಟಿರಲಿಲ್ಲ.

ಅಧಿಕೃತ ಉಪಕರಣವಾದ ‘ಕ್ರಿಯೇಷನ್ ಕಿಟ್’ ಬಂದದ್ದು 2024ರ ಜೂನ್ 9ರಂದು. ಆಟ ಎಲ್ಲರಿಗೂ ಸಿಕ್ಕಿದ್ದು 2023ರ ಸೆಪ್ಟೆಂಬರ್ 6ರಂದು. ನಡುವೆ 277 ದಿನ. ಸ್ಟಾರ್‌ಫೀಲ್ಡ್‌ನ ಮಾಡಿಂಗ್ ಎಂದಾಗ ಹೆಚ್ಚಿನವರ ಮಾತು ಕಿಟ್ ಬಂದ ಮೇಲಿನ ದೊಡ್ಡ ದೊಡ್ಡ ಕೆಲಸಗಳ ಕಡೆಗೇ ಹೋಗುತ್ತದೆ. ಮಾಡಿಂಗ್ ಎಂಬ ಕಸುಬಿನ ನಿಜವಾದ ಕೈಚಳಕ ಕಂಡದ್ದು ಮಾತ್ರ ಆ 277 ದಿನಗಳಲ್ಲಿ. ಕನ್ನಡದ ಕಿವಿಗೆ ‘ಮಾಡ್’ ಎಂದರೆ ‘ಮಾಡು’ ಎಂದೇ ಕೇಳಿಸುತ್ತದೆ. ಆ ಒಂಬತ್ತು ತಿಂಗಳು ಕೈಯಲ್ಲಿ ಏನೂ ಇಲ್ಲದೆ ಮಾಡಿದವರದ್ದು.

ಬೆಥೆಸ್ಡಾ ಆಟಗಳಲ್ಲಿ ಕಿಟ್‌ಗಾಗಿ ಕಾಯುವಿಕೆ ಆಟದಿಂದ ಆಟಕ್ಕೆ ಬೆಳೆದಿದೆ. 2002ರ ಮಾರೋವಿಂಡ್‌ನ ಕಂಪ್ಯೂಟರ್ ಆವೃತ್ತಿಯಲ್ಲಿ ಆಟದ ಜೊತೆಗೇ ಇಂಥದ್ದೇ ಉಪಕರಣವಾದ ‘ಕನ್‌ಸ್ಟ್ರಕ್ಷನ್ ಸೆಟ್’ ಇತ್ತು. 2006ರ ಒಬ್ಲಿವಿಯನ್‌ಗೆ ಅದು ಆಟ ಬಂದ ಹೊತ್ತಿನಲ್ಲೇ ಉಚಿತವಾಗಿ ಸಿಕ್ಕಿತು. 2008ರ ಅಕ್ಟೋಬರ್‌ನಲ್ಲಿ ಬಂದ ಫಾಲ್‌ಔಟ್ 3ಕ್ಕೆ ಡಿಸೆಂಬರ್‌ವರೆಗೆ ಕಾಯಬೇಕಾಯಿತು. ಸ್ಕೈರಿಮ್ ಬಂದದ್ದು 2011ರ ನವೆಂಬರ್ 11ಕ್ಕೆ, ಅದರ ಕಿಟ್ 2012ರ ಫೆಬ್ರುವರಿ 7ಕ್ಕೆ, 88 ದಿನ. 2015ರ ನವೆಂಬರ್‌ನ ಫಾಲ್‌ಔಟ್ 4ಕ್ಕೆ ಕಿಟ್ ಸಿಕ್ಕಿದ್ದು ಮರುವರ್ಷ ಏಪ್ರಿಲ್‌ನಲ್ಲಿ. ಹೀಗಾಗಿ ಸ್ಟಾರ್‌ಫೀಲ್ಡ್‌ಗೆ ಬರುವಷ್ಟರಲ್ಲಿ ಮಾಡರ್‌ಗಳಿಗೆ ಕಾಯುವುದೂ ಅಭ್ಯಾಸವಾಗಿತ್ತು, ಕಾಯದೆ ಕೆಲಸ ಶುರು ಮಾಡುವುದೂ ಅಭ್ಯಾಸವಾಗಿತ್ತು.

ಶುರು ಮಾಡುವುದಾದರೂ ಎಲ್ಲಿಂದ? ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು ಒಂದು ಸಾದಾ ಟೆಕ್ಸ್ಟ್ ಫೈಲ್. ವಿಂಡೋಸ್‌ನ ಡಾಕ್ಯುಮೆಂಟ್ಸ್ ಫೋಲ್ಡರ್‌ನಲ್ಲಿ ‘ಮೈ ಗೇಮ್ಸ್’, ಅದರೊಳಗೆ ‘ಸ್ಟಾರ್‌ಫೀಲ್ಡ್’. ಅಲ್ಲಿ ‘ಸ್ಟಾರ್‌ಫೀಲ್ಡ್‌ಕಸ್ಟಮ್.ಐಎನ್‌ಐ’ ಎಂಬ ಹೆಸರಿನ ಫೈಲ್ ಇಟ್ಟರೆ ಆಟ ಅದನ್ನು ಓದಿಕೊಂಡು ತನ್ನ ಮೂಲ ಸೆಟ್ಟಿಂಗ್‌ಗಳನ್ನು ಬದಲಿಸಿಕೊಳ್ಳುತ್ತದೆ. ಬಿಡುಗಡೆಯ ದಿನ ಆಟದ ಮೆನುವಿನಲ್ಲಿ ನೋಟದ ಕೋನ ಹಿಗ್ಗಿಸುವ ಸೌಲಭ್ಯವೇ ಇರಲಿಲ್ಲ. ಮೂತಿಯನ್ನು ಗೋಡೆಗೆ ಒತ್ತಿಕೊಂಡು ನಡೆದಂತೆ ಅನ್ನಿಸಿ ತಲೆ ಸುತ್ತಿದವರು ಈ ಫೈಲಿನಲ್ಲಿ ಎರಡು ಸಾಲು ಬರೆದು ಕೋನ ಹಿಗ್ಗಿಸಿಕೊಂಡರು: ಆಟಗಾರನ ಕಣ್ಣಿನಿಂದ ಕಾಣುವ ನೋಟಕ್ಕೆ ಒಂದು ಸಾಲು, ಬೆನ್ನ ಹಿಂದಿನಿಂದ ಕಾಣುವ ನೋಟಕ್ಕೆ ಇನ್ನೊಂದು.

ಎರಡನೆಯ ಮೆಟ್ಟಿಲು ಕನ್ಸೋಲ್. ಕೀಬೋರ್ಡಿನ ಎಡ ಮೂಲೆಯ ಕೀಲಿ ಒತ್ತಿದರೆ ಆಟದ ಮೇಲೆ ಒಂದು ಆಜ್ಞಾ ಪಟ್ಟಿ ತೆರೆದುಕೊಳ್ಳುತ್ತದೆ. ಬೆಥೆಸ್ಡಾ ಆಟಗಳಲ್ಲಿ ಪ್ರತಿ ವಸ್ತುವಿಗೂ ಎಂಟು ಸ್ಥಾನದ ಒಂದು ಗುರುತು ಸಂಖ್ಯೆ ಇರುತ್ತದೆ. ಸ್ಕೈರಿಮ್‌ನಲ್ಲಿ ಚಿನ್ನದ ನಾಣ್ಯದ್ದು ಏಳು ಸೊನ್ನೆಯ ನಂತರ ಎಫ್. ಫಾಲ್‌ಔಟ್ 4ರ ಬಾಟಲಿ ಮುಚ್ಚಳದ್ದೂ ಅದೇ. ಸ್ಟಾರ್‌ಫೀಲ್ಡ್‌ನ ಕ್ರೆಡಿಟ್‌ನದ್ದೂ ಅದೇ. ಬೀಗ ತೆರೆಯುವ ಕಡ್ಡಿಗೆ ಮೂರೂ ಆಟಗಳಲ್ಲಿ ಸೊನ್ನೆಗಳ ನಂತರ ಎ. ಹಳೆಯ ಆಟಗಳನ್ನು ಬಿಚ್ಚಿ ನೋಡಿದ್ದವರಿಗೆ ಇದು ತವರು ಮನೆಯ ಅಡುಗೆಮನೆಗೆ ಹೋದ ಹಾಗೆ. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳಬೇಕಾಗಿರಲಿಲ್ಲ. ಆಜ್ಞೆಗಳನ್ನು ಒಂದರ ಕೆಳಗೊಂದು ಟೆಕ್ಸ್ಟ್ ಫೈಲಿನಲ್ಲಿ ಬರೆದು, ‘ಬ್ಯಾಟ್’ ಎಂಬ ಪದದ ಜೊತೆ ಆ ಫೈಲಿನ ಹೆಸರು ಟೈಪ್ ಮಾಡಿದರೆ ಎಲ್ಲವೂ ಒಟ್ಟಿಗೆ ಜಾರಿಯಾಗುತ್ತವೆ. ಮೊದಲ ವಾರಗಳ ಎಷ್ಟೋ ಮಾಡ್‌ಗಳು ಇಂಥ ಫೈಲುಗಳೇ. ಬೆಲೆ ಒಂದೇ: ಕನ್ಸೋಲ್ ಮುಟ್ಟಿದ ಸೇವ್‌ನಲ್ಲಿ ಅಚೀವ್‌ಮೆಂಟ್‌ಗಳು ನಿಂತುಹೋಗುತ್ತವೆ. ಅದನ್ನು ಮತ್ತೆ ಚಾಲೂ ಮಾಡುವುದಕ್ಕೂ ಬೇಗನೆ ಒಂದು ಮಾಡ್ ಬಂತು.

ಮೂರನೆಯ ಮೆಟ್ಟಿಲಿನಿಂದ ಕೆಲಸ ರುಚಿಕಟ್ಟಾಗುತ್ತದೆ. ಆಟದ ಚಿತ್ರ, ಶಬ್ದ, ಮೆನುಗಳೆಲ್ಲ ಬಿಎ2 ಎಂಬ ದೊಡ್ಡ ದೊಡ್ಡ ಮೂಟೆಗಳಲ್ಲಿ ಕಟ್ಟಿಟ್ಟಿರುತ್ತವೆ. ಮೂಟೆ ಬಿಚ್ಚುವ ತಂತ್ರಾಂಶ ಫಾಲ್‌ಔಟ್ 4ರ ಕಾಲದಿಂದಲೇ ಇತ್ತು. ಒಳಗಿನ ಒಂದು ಫೈಲನ್ನು ತೆಗೆದು, ತಿದ್ದಿ, ಅದೇ ಹೆಸರಿನಲ್ಲಿ ಅದೇ ದಾರಿಯ ಫೋಲ್ಡರ್‌ನಲ್ಲಿ ಬಿಡಿಯಾಗಿ ಇಟ್ಟರೆ ಆಟ ಮೂಟೆಯೊಳಗಿನದನ್ನು ಬಿಟ್ಟು ಹೊರಗಿನದನ್ನು ಎತ್ತಿಕೊಳ್ಳುತ್ತದೆ. ಇದಕ್ಕೆ ಅಪ್ಪಣೆ ಕೊಡಲು ಮತ್ತದೇ ಐಎನ್‌ಐ ಫೈಲಿನಲ್ಲಿ ‘ಆರ್ಕೈವ್’ ಎಂಬ ತಲೆಬರಹದ ಕೆಳಗೆ ಎರಡು ಸಾಲು ಬರೆಯಬೇಕು. ಸ್ಟಾರ್‌ಯುಐ ಕೆಲಸ ಮಾಡುವುದು ಹೀಗೆ. ಆಟದ ಮೆನುಗಳು ನಿಂತಿರುವುದು ಫ್ಲ್ಯಾಶ್ ತಂತ್ರಜ್ಞಾನದ ಮೇಲೆ. ಅಡೋಬಿ 2020ರ ಕೊನೆಗೆ ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿತು. ಆದರೆ ಫ್ಲ್ಯಾಶ್ ಫೈಲು ಬಿಚ್ಚುವ ಉಚಿತ ಉಪಕರಣಗಳು ಉಳಿದಿದ್ದವು, ಆ ವಿದ್ಯೆ ಬಲ್ಲವರೂ ಉಳಿದಿದ್ದರು.

‘ನ್ಯೂಟ್ರಲ್ ಲಟ್ಸ್’ ಎಂಬ ಮಾಡ್ ಈ ಮೆಟ್ಟಿಲಿನ ಇನ್ನೊಂದು ಒಳ್ಳೆಯ ಮಾದರಿ. ಸ್ಟಾರ್‌ಫೀಲ್ಡ್‌ನ ಒಂದೊಂದು ಜಾಗದ ಮೇಲೂ ಒಂದೊಂದು ಬಣ್ಣದ ಪರದೆ ಎಳೆದಂತಿತ್ತು. ಕತ್ತಲೆ ಕಪ್ಪಾಗಿರುವ ಬದಲು ಬೂದಿ ಬಣ್ಣಕ್ಕೆ ತಿರುಗಿತ್ತು. ಯಾವ ಬಣ್ಣ ಬಂದರೆ ಯಾವುದಕ್ಕೆ ತಿರುಗಿಸಬೇಕು ಎಂದು ಆಟಕ್ಕೆ ಹೇಳುವ ಕೋಷ್ಟಕಗಳೇ ಈ ಲಟ್‌ಗಳು. ಮಾಡರ್ ಆ ಕೋಷ್ಟಕಗಳನ್ನು ತಟಸ್ಥವಾಗಿಸಿದ, ಅಷ್ಟೇ. ಹೊಸ ಬೆಳಕಿಲ್ಲ, ಹೊಸ ಚಿತ್ರವಿಲ್ಲ. ಆದರೂ ನ್ಯೂ ಅಟ್ಲಾಂಟಿಸ್ ನಗರದ ಬೀದಿ ಮಳೆ ತೊಳೆದಂತೆ ಕಂಡಿತು.

ಬಿಡಿ ಫೈಲುಗಳ ಈ ದಾರಿಯಲ್ಲೂ ಒಂದು ಕಲ್ಲಿತ್ತು. ಆಟ ಫೈಲುಗಳನ್ನು ಎರಡು ಕಡೆ ಹುಡುಕುತ್ತಿತ್ತು: ಇನ್‌ಸ್ಟಾಲ್ ಆದ ಜಾಗದ ‘ಡೇಟಾ’ ಫೋಲ್ಡರ್, ಮತ್ತು ಡಾಕ್ಯುಮೆಂಟ್ಸ್‌ನೊಳಗಿನ ‘ಡೇಟಾ’ ಫೋಲ್ಡರ್. ಎರಡನೆಯದಕ್ಕೇ ಆದ್ಯತೆ. ಆಟದ ಫೋಟೊ ಮೋಡ್‌ನಲ್ಲಿ ತೆಗೆದ ಚಿತ್ರಗಳು ಬಂದು ಕೂರುತ್ತಿದ್ದುದೂ ಅಲ್ಲೇ. ಮೊದಲ ಫೋಲ್ಡರ್‌ನಲ್ಲಿ ಮಾಡ್ ಹಾಕಿದ್ದವರು ಅದೇಕೆ ಕಾಣುತ್ತಿಲ್ಲ ಎಂದು ಗಂಟೆಗಟ್ಟಲೆ ಹುಡುಕಿದರು. ಕೊನೆಗೆ ಎರಡು ಫೋಲ್ಡರ್‌ಗಳೂ ಒಂದೇ ಜಾಗವನ್ನು ತೋರಿಸುವಂತೆ ವಿಂಡೋಸ್‌ನಲ್ಲೇ ಕೊಂಡಿ ಹಾಕುವ ಉಪಾಯ ಕಂಡುಕೊಂಡರು.

ಇನ್ನು ಡಿಎಲ್‌ಎಸ್‌ಎಸ್ ಪ್ರಕರಣ. ಸ್ಟಾರ್‌ಫೀಲ್ಡ್‌ಗೆ ಕಂಪ್ಯೂಟರ್ ಲೋಕದಲ್ಲಿ ಗ್ರಾಫಿಕ್ಸ್ ಚಿಪ್ ತಯಾರಿಸುವ ಎಎಮ್‌ಡಿ ಪಾಲುದಾರ ಕಂಪನಿ. ಬಿಡುಗಡೆಯ ದಿನ ಆಟದಲ್ಲಿ ಇದ್ದದ್ದು ಎಎಮ್‌ಡಿಯ ಎಫ್‌ಎಸ್‌ಆರ್ ಮಾತ್ರ, ಪ್ರತಿಸ್ಪರ್ಧಿ ಎನ್‌ವಿಡಿಯಾದ ಡಿಎಲ್‌ಎಸ್‌ಎಸ್ ಇರಲಿಲ್ಲ. ಎರಡರ ಕೆಲಸವೂ ಕಡಿಮೆ ಪಿಕ್ಸೆಲ್‌ನಲ್ಲಿ ಚಿತ್ರ ಬರೆದು ಅದನ್ನು ಚೊಕ್ಕವಾಗಿ ದೊಡ್ಡದು ಮಾಡುವುದೇ. ಆಟ ಸಣ್ಣದೇನಲ್ಲ: 125 ಜಿಬಿ ಜಾಗ, ಕಡ್ಡಾಯವಾಗಿ ಎಸ್‌ಎಸ್‌ಡಿ, ಕನಿಷ್ಠ ಜಿಟಿಎಕ್ಸ್ 1070 ಟಿಐ ಮಟ್ಟದ ಗ್ರಾಫಿಕ್ಸ್ ಕಾರ್ಡ್. ಇಂಥ ಆಟದಲ್ಲಿ ಪ್ರತಿ ಫ್ರೇಮ್ ಕೂಡ ಮುಖ್ಯ. ಎಫ್‌ಎಸ್‌ಆರ್‌ಗೆ ಬೇಕಾದ ಮಾಹಿತಿಯೇ ಡಿಎಲ್‌ಎಸ್‌ಎಸ್‌ಗೂ ಹೆಚ್ಚುಕಡಿಮೆ ಸಾಕು ಎಂಬುದನ್ನು ಬಲ್ಲ ‘ಪ್ಯೂರ್‌ಡಾರ್ಕ್’ ಎಂಬ ಅಡ್ಡಹೆಸರಿನ ಮಾಡರ್, ದುಬಾರಿ ಆವೃತ್ತಿ ಕೊಂಡವರಿಗೆ ಸೆಪ್ಟೆಂಬರ್ 1ರಿಂದ ಸಿಕ್ಕ ಮುಂಗಡ ಅವಧಿಯಲ್ಲೇ ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿಬಿಟ್ಟ. ಅದು ಉಚಿತವಾಗಿತ್ತು. ಆದರೆ ನಡುವೆ ಹೊಸ ಫ್ರೇಮ್ ಹುಟ್ಟಿಸುವ ಮುಂದಿನ ಆವೃತ್ತಿಯನ್ನು ಹಣ ಕೊಟ್ಟವರಿಗೆ ಮಾತ್ರ, ಬೀಗ ಹಾಕಿ ಕೊಟ್ಟಾಗ ಜಗಳ ಹುಟ್ಟಿತು. ಬೇರೆಯವರು ಆ ಬೀಗ ಒಡೆದರು, ಇನ್ನೊಬ್ಬರು ಉಚಿತ ಪರ್ಯಾಯ ತಂದರು. ರಾತ್ರಿಯೆಲ್ಲ ಕೂತು ಮಾಡಿದ ಕೆಲಸಕ್ಕೆ ಕೂಲಿ ಕೇಳುವುದು ತಪ್ಪೇನಲ್ಲ. ಆದರೆ ಮಾಡಿಂಗ್ ಇಷ್ಟು ದೂರ ಬಂದಿರುವುದು ಒಬ್ಬರು ಬಿಚ್ಚಿಟ್ಟದ್ದನ್ನು ಇನ್ನೊಬ್ಬರು ಎತ್ತಿಕೊಂಡು ಮುಂದುವರಿಸಿದ್ದರಿಂದ. ಬೀಗ ಬಿದ್ದ ಕಡೆ ಆ ಸರಪಳಿ ತುಂಡಾಗುತ್ತದೆ.

ಸರಪಳಿಯ ದೊಡ್ಡ ಕೊಂಡಿ ಎಂದರೆ ಎಸ್‌ಎಫ್‌ಎಸ್‌ಇ, ಅಂದರೆ ಸ್ಟಾರ್‌ಫೀಲ್ಡ್ ಸ್ಕ್ರಿಪ್ಟ್ ಎಕ್ಸ್‌ಟೆಂಡರ್. ಸ್ಕೈರಿಮ್‌ಗೆ ಇಂಥದ್ದೇ ಎಕ್ಸ್‌ಟೆಂಡರ್ ಕೊಟ್ಟ ತಂಡದ ಕೈಯಿಂದಲೇ ಇದೂ ಬಂದದ್ದು, ಅದೂ ಸೆಪ್ಟೆಂಬರ್‌ನಲ್ಲೇ. ಇದು ಆಟವನ್ನು ತಾನೇ ಚಾಲೂ ಮಾಡಿ, ಅದರ ನೆನಪಿನೊಳಗೆ ಹೊಕ್ಕು, ಬೇರೆ ಮಾಡರ್‌ಗಳ ಕೋಡ್‌ಗೆ ಬಾಗಿಲು ತೆರೆದಿಡುತ್ತದೆ. ಆಟದ ಯಾವ ಕೆಲಸ ನೆನಪಿನ ಯಾವ ವಿಳಾಸದಲ್ಲಿದೆ ಎಂಬುದನ್ನು ಮೂಲ ಕೋಡ್ ನೋಡದೆಯೇ ಪತ್ತೆ ಹಚ್ಚಬೇಕು. ಬೆಥೆಸ್ಡಾ ಒಂದು ಅಪ್‌ಡೇಟ್ ಕೊಟ್ಟರೆ ಊರಿನ ಮನೆ ನಂಬರುಗಳೆಲ್ಲ ಒಂದೇ ರಾತ್ರಿಯಲ್ಲಿ ಬದಲಾದಂತೆ. ಹಿಂದಿನ ದಿನ ಸರಿಯಿದ್ದ ಮಾಡ್ ಬೆಳಗಾಗುವಷ್ಟರಲ್ಲಿ ಮುಚ್ಚಿದ ಬಾಗಿಲು ಬಡಿಯುತ್ತಿರುತ್ತದೆ. ಇದಕ್ಕೆಂದೇ ‘ಅಡ್ರೆಸ್ ಲೈಬ್ರರಿ’ ಎಂಬ ಇನ್ನೊಂದು ಕೆಲಸ ಹುಟ್ಟಿತು. ಪ್ರತಿ ಕೆಲಸಕ್ಕೂ ಒಂದು ಶಾಶ್ವತ ಸಂಖ್ಯೆ ಕೊಟ್ಟು, ಆಟದ ಪ್ರತಿ ಆವೃತ್ತಿಯಲ್ಲಿ ಆ ಸಂಖ್ಯೆ ಯಾವ ವಿಳಾಸಕ್ಕೆ ಹೋಗುತ್ತದೆ ಎಂದು ಬರೆದಿಡುವ ವಿಳಾಸ ಪುಸ್ತಕ ಅದು. ಅನುಭವಸ್ಥರು ಆಟ ಮಾರುವ ತಾಣವಾದ ಸ್ಟೀಮ್‌ನಲ್ಲಿ ‘ಆಟ ತೆರೆದಾಗ ಮಾತ್ರ ಅಪ್‌ಡೇಟ್’ ಎಂಬ ಆಯ್ಕೆ ಇಟ್ಟುಕೊಂಡು, ಆಟವನ್ನು ಎಕ್ಸ್‌ಟೆಂಡರ್ ಮೂಲಕವೇ ತೆರೆಯುವ ಅಭ್ಯಾಸ ಮಾಡಿಕೊಂಡರು.

ಈ ಬಾಗಿಲು ಎಲ್ಲರಿಗೂ ತೆರೆಯಲಿಲ್ಲ. ಎಸ್‌ಎಫ್‌ಎಸ್‌ಇ ನಡೆಯುವುದು ಸ್ಟೀಮ್ ಆವೃತ್ತಿಯಲ್ಲಿ. ಅದೇ ಆಟವನ್ನು ಅದೇ ಕಂಪ್ಯೂಟರ್‌ನಲ್ಲಿ ಗೇಮ್ ಪಾಸ್ ಎಂಬ ಚಂದಾ ಸೇವೆಯ ಮೂಲಕ ಆಡಿದವರಿಗೆ ನಡೆಯಲಿಲ್ಲ. ಎಕ್ಸ್‌ಬಾಕ್ಸ್‌ನವರಂತೂ 2024ರ ಜೂನ್‌ವರೆಗೆ ಒಂದು ಮಾಡ್ ಕೂಡ ಇಲ್ಲದೆ ಕಳೆದರು. ಅಧಿಕೃತ ಉಪಕರಣ ತಡವಾದರೆ ಹೊಡೆತ ಬೀಳುವುದು ಕೋಡ್ ಬಲ್ಲ ಮಾಡರ್‌ಗಿಂತ ಹೆಚ್ಚಾಗಿ ಇಂಥ ಆಟಗಾರರಿಗೆ.

ಹೊಸ ಬಂದೂಕು, ಹೊಸ ಉಡುಪು, ಹೊಸ ನೌಕೆ ಮಾಡಲು ಹೊರಟವರು ಎದುರಿಸಿದ್ದು ಇನ್ನೂ ಗಟ್ಟಿ ಗೋಡೆ. ಹಳೆಯ ಆಟಗಳಲ್ಲಿ ಒಂದು ವಸ್ತುವಿನ ಆಕಾರ ‘ನಿಫ್’ ಎಂಬ ಒಂದೇ ಫೈಲಿನೊಳಗೆ ಸಿಗುತ್ತಿತ್ತು. ಸ್ಟಾರ್‌ಫೀಲ್ಡ್‌ನ ನಿಫ್ ತೆರೆದು ನೋಡಿದರೆ ಒಳಗೆ ಬರೀ ವಿಳಾಸಗಳು. ಆಕಾರ ಬೇರೆ ಕಡೆ, ‘ಮೆಷ್’ ಫೈಲುಗಳಲ್ಲಿ. ಅವುಗಳ ಹೆಸರೋ ಅರ್ಥವಿಲ್ಲದ ಉದ್ದನೆಯ ಸಂಕೇತ. ಲೋಹ, ಬಟ್ಟೆ, ಚರ್ಮ ಹೇಗೆ ಹೊಳೆಯಬೇಕು ಎಂಬ ವಿವರವನ್ನೆಲ್ಲ ಒಂದೇ ದೊಡ್ಡ ಡೇಟಾಬೇಸ್ ಫೈಲಿನಲ್ಲಿ ತುಂಬಿಡಲಾಗಿತ್ತು. ಕೆಲವರು ಈ ಸ್ವರೂಪಗಳನ್ನು ಬೈಟ್ ಬೈಟ್ ಆಗಿ ಓದಿದರು. ಉಚಿತ ತ್ರಿ-ಆಯಾಮ ತಂತ್ರಾಂಶವಾದ ಬ್ಲೆಂಡರ್‌ಗೆ ‘ಸ್ಟಾರ್‌ಫೀಲ್ಡ್ ಜಿಯಾಮೆಟ್ರಿ ಬ್ರಿಡ್ಜ್’ ಎಂಬ ಸೇತುವೆ ಬಂತು. ನಿಫ್ ಫೈಲು ತೆರೆಯುವ ಹಳೆಯ ‘ನಿಫ್‌ಸ್ಕೋಪ್’ಗೆ ಹೊಸ ಆಟದ ಕಣ್ಣು ಕೂರಿಸಲಾಯಿತು. ಸ್ಕ್ರಿಪ್ಟ್‌ಗಳನ್ನು ಯಂತ್ರದ ಭಾಷೆಯಿಂದ ಮನುಷ್ಯ ಓದುವ ಭಾಷೆಗೆ ತಿರುಗಿಸುವ, ಸ್ಕೈರಿಮ್ ಕಾಲದ ‘ಶಾಂಪೋಲಿಯನ್’ ಕೂಡ ಸ್ಟಾರ್‌ಫೀಲ್ಡ್ ಕಲಿತಿತು. ಈಜಿಪ್ಟಿನ ಚಿತ್ರಲಿಪಿ ಓದಿದ ವಿದ್ವಾಂಸನ ಹೆಸರನ್ನು ಒಂದು ಉಪಕರಣಕ್ಕೆ ಇಟ್ಟಿದ್ದಾರೆ ಎಂದರೆ ಈ ಜನ ತಮ್ಮ ಕೆಲಸವನ್ನು ಹೇಗೆ ಕಾಣುತ್ತಾರೆ ಎಂಬುದು ತಿಳಿಯುತ್ತದೆ.

ಕೊನೆಯ ಮೆಟ್ಟಿಲು ಪ್ಲಗಿನ್. ಹೊಸ ವಸ್ತುವನ್ನು ಆಟದ ದಾಖಲೆಗೆ ಸೇರಿಸುವುದು ಇದರ ಕೆಲಸ. ಎಂಟು ಸ್ಥಾನದ ಗುರುತು ಸಂಖ್ಯೆಯ ಮೊದಲ ಎರಡು ಸ್ಥಾನ, ಹೆಸರಿನ ಮುಂದಿನ ಇನಿಷಿಯಲ್ ಇದ್ದಂತೆ, ಆ ವಸ್ತು ಯಾವ ಪ್ಲಗಿನ್ ಮನೆತನದ್ದು ಎಂದು ಹೇಳುತ್ತದೆ. ಸ್ಟಾರ್‌ಫೀಲ್ಡ್ ದೊಡ್ಡ, ಮಧ್ಯಮ, ಚಿಕ್ಕ ಎಂದು ಮೂರು ಗಾತ್ರದ ಪ್ಲಗಿನ್‌ಗಳನ್ನು ತಂದು ಈ ಲೆಕ್ಕವನ್ನೇ ಬದಲಿಸಿತ್ತು. ಒಬ್ಲಿವಿಯನ್ ಕಾಲದಿಂದ ಬೆಥೆಸ್ಡಾ ಆಟಗಳ ದಾಖಲೆ ತಿದ್ದುತ್ತ ಬಂದ ‘ಎಕ್ಸ್‌ಎಡಿಟ್’ ತಂಡ ಹೊಸ ಆಟಕ್ಕೂ ಆವೃತ್ತಿ ತಂದಿತು. ಅದರ ಜೊತೆಗೇ, ಈ ಸ್ವರೂಪ ಇನ್ನೂ ಗಟ್ಟಿಯಾಗಿಲ್ಲ, ಈಗ ಮಾಡಿದ ಪ್ಲಗಿನ್ ಮುಂದೆ ಮುರಿಯಬಹುದು, ಆಟಗಾರರ ಸೇವ್‌ಗೂ ಪೆಟ್ಟಾಗಬಹುದು ಎಂದು ನೇರವಾಗಿ ಎಚ್ಚರಿಸಿತು. ಮಾಡಲು ಬರುತ್ತದೆ ಎಂದಮಾತ್ರಕ್ಕೆ ಮಾಡಿಬಿಡಬೇಕಿಲ್ಲ ಎಂದು ಉಪಕರಣ ಕಟ್ಟಿದವರೇ ಹೇಳಿದ್ದು ಆ ಒಂಬತ್ತು ತಿಂಗಳ ಅತ್ಯಂತ ಪ್ರಾಮಾಣಿಕ ಮಾತು. ಆದರೂ ಪ್ಲಗಿನ್‌ಗಳು ಬಂದವು. ಮೊದಮೊದಲು ತಯಾರಕರು ತಮ್ಮ ಪರೀಕ್ಷೆಗೆಂದು ಇಟ್ಟುಕೊಂಡ ಐಎನ್‌ಐ ಸಾಲಿನಲ್ಲಿ ಪ್ಲಗಿನ್ ಹೆಸರು ಬರೆದು ಒಳಗೆ ಬಿಟ್ಟರು. ಆಮೇಲೆ ಎಸ್‌ಎಫ್‌ಎಸ್‌ಇ ಮೂಲಕ ಪ್ಲಗಿನ್ ಪಟ್ಟಿಯನ್ನೇ ಓದಿಸುವ ಮಾಡ್ ಬಂತು.

ಭಾಷೆಯ ವಿಷಯ ಕನ್ನಡದ ಓದುಗರಿಗೆ ಹತ್ತಿರದ್ದು. ಆಟದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಸಾಲು ಸಂಭಾಷಣೆ ಇದೆ. ಬಿಡುಗಡೆಯಾದದ್ದು ಒಂಬತ್ತು ಭಾಷೆಗಳಲ್ಲಿ. ಭಾರತದ ಒಂದು ಭಾಷೆಯೂ ಆ ಪಟ್ಟಿಯಲ್ಲಿಲ್ಲ, ಕೊರಿಯನ್ ಭಾಷೆಯೂ ಇಲ್ಲ. ಕೊರಿಯಾದ ಆಟಗಾರರು ಅಸಮಾಧಾನ ಹೇಳಿಕೊಂಡು ಸುಮ್ಮನಾಗಲಿಲ್ಲ, ಯಂತ್ರಾನುವಾದದ ನೆರವನ್ನೂ ಪಡೆದು ತಾವೇ ಅನುವಾದಕ್ಕೆ ಕೂತರು. ಮಾತುಗಳೆಲ್ಲ ‘ಸ್ಟ್ರಿಂಗ್ಸ್’ ಎಂಬ ಬೇರೆ ಫೈಲುಗಳಲ್ಲಿ ಇರುವುದರಿಂದ ಈ ಕೆಲಸಕ್ಕೆ ಅಧಿಕೃತ ಕಿಟ್ ಬೇಕಾಗಿಯೇ ಇಲ್ಲ. ಕನ್ನಡಕ್ಕೂ ಇದೇ ದಾರಿ. ಒಂದು ತೊಡಕು ಮಾತ್ರ ಬೇರೆ ಬಗೆಯದು: ಕನ್ನಡದ ಒತ್ತಕ್ಷರ, ಗುಣಿತಾಕ್ಷರ ತಮ್ಮ ಜಾಗದಲ್ಲಿ ಕೂರಬೇಕಾದರೆ ಫಾಂಟ್ ಒಂದಿದ್ದರೆ ಸಾಲದು, ಅಕ್ಷರ ಜೋಡಿಸುವ ವಿದ್ಯೆ ಆಟದ ಮೆನುವಿಗೂ ಗೊತ್ತಿರಬೇಕು. ಆ ಗಂಟು ಬಿಚ್ಚುವವರು ಫ್ಲ್ಯಾಶ್ ಫೈಲಿನಿಂದಲೇ ಶುರು ಮಾಡಬೇಕು.

ಕಿಟ್ ಬಂದೇ ಬರುತ್ತದೆ ಎಂಬ ಭರವಸೆಯೂ ಎಲ್ಲ ಆಟಕ್ಕಿರುವುದಿಲ್ಲ. 2007ರಲ್ಲಿ ಶುರುವಾದ ಮಾಸ್ ಎಫೆಕ್ಟ್ ಕೂಡ ನಕ್ಷತ್ರಗಳ ನಡುವಿನ ಕಥೆಯೇ. ಅದರ ತಯಾರಕರಾದ ಬಯೋವೇರ್ ಆ ಸರಣಿಗೆ ಮಾಡಿಂಗ್ ಉಪಕರಣ ಕೊಡಲೇ ಇಲ್ಲ. ಅಭಿಮಾನಿಗಳು ‘ಎಮ್‌ಇ3 ಎಕ್ಸ್‌ಪ್ಲೋರರ್’ ಕಟ್ಟಿಕೊಂಡರು. 2012ರ ಮೂರನೆಯ ಭಾಗದ ಮುಕ್ತಾಯ ಒಪ್ಪದವರು ಅದನ್ನೇ ಬದಲಿಸಿದ ಮಾಡ್ ಮಾಡಿದರು. 2021ರಲ್ಲಿ ಮೂರೂ ಆಟಗಳ ಹೊಸ ಸಂಪುಟ ಬಂದಾಗ ಆ ಉಪಕರಣ ‘ಲೆಜೆಂಡರಿ ಎಕ್ಸ್‌ಪ್ಲೋರರ್’ ಆಗಿ ಮುಂದುವರಿಯಿತು. ಸ್ಟಾರ್‌ಫೀಲ್ಡ್‌ಗೆ ಒಂಬತ್ತು ತಿಂಗಳಾದದ್ದು ಅಲ್ಲಿ ಇಡೀ ಆಯುಷ್ಯ.

ಸ್ಟಾರ್‌ಫೀಲ್ಡ್ ಮಾಡರ್‌ಗಳು ಮೊದಲ ವಾರಗಳಲ್ಲಿ ಮುಟ್ಟಿದ ಜಾಗಗಳಿಗೆ ಬೆಥೆಸ್ಡಾ ಕೂಡ ಒಂದೊಂದಾಗಿ ಬಂತು. ನೋಟದ ಕೋನದ ಆಯ್ಕೆ 2023ರ ಅಕ್ಟೋಬರ್ 9ರ ಅಪ್‌ಡೇಟ್‌ನಲ್ಲಿ ಸೇರಿತು. ಡಿಎಲ್‌ಎಸ್‌ಎಸ್ ನವೆಂಬರ್‌ನಲ್ಲಿ ಸಿಕ್ಕಿತು. ಮೇಜಿನ ಮೇಲೆ ಕಂಡ ತಿಂಡಿಯನ್ನು ಚೀಲಕ್ಕೆ ಹಾಕದೆ ಅಲ್ಲೇ ತಿನ್ನುವ ಅನುಕೂಲವೂ ಅದರ ಜೊತೆಗೇ ಬಂತು. ನಗರಗಳಿಗೆ ಸರಿಯಾದ ನಕ್ಷೆ 2024ರ ಮೇ ತಿಂಗಳಲ್ಲಿ. ಇಲ್ಲಿ ಮಾಡರ್ ಗೆದ್ದ, ಕಂಪನಿ ಸೋತಿತು ಎನ್ನುವುದಕ್ಕೇನೂ ಇಲ್ಲ. ಆಟವನ್ನು ದಿನಕ್ಕೆ ಹತ್ತು ಗಂಟೆ ಆಡುವವರ ಕೈ ಎಲ್ಲಿ ತಡವರಿಸುತ್ತದೆ ಎಂಬ ನಕ್ಷೆ ಆ ಮೊದಲ ಮಾಡ್‌ಗಳಲ್ಲೇ ಬರೆದಿತ್ತು.

ಜೂನ್ 9ರಂದು ಕಿಟ್ ಬಂತು, ಸ್ಟೀಮ್‌ನಲ್ಲಿ ಉಚಿತವಾಗಿ. ಆಟದೊಳಗೇ ಮಾಡ್ ಹುಡುಕಿ ಹಾಕಿಕೊಳ್ಳುವ ‘ಕ್ರಿಯೇಷನ್ಸ್’ ವಿಭಾಗವೂ ತೆರೆಯಿತು, ಎಕ್ಸ್‌ಬಾಕ್ಸ್‌ನವರಿಗೂ ಬಾಗಿಲು ಸಿಕ್ಕಿತು. ಕಿಟ್‌ನಿಂದ ಗ್ರಹದ ಮೇಲೆ ಹೊಸ ಊರು ಕಟ್ಟುವುದು, ಪಾತ್ರಕ್ಕೆ ಮಾತು ಬರೆಯುವುದು, ಕಾರ್ಯಾಚರಣೆಗಳ ಸರಣಿ ಹೆಣೆಯುವುದು ಸಾಧ್ಯವಾಯಿತು. ಐಎನ್‌ಐ ಫೈಲಿನಲ್ಲಿ, ಬಿಡಿ ಚಿತ್ರಗಳಲ್ಲಿ ಇದೆಲ್ಲ ಆಗುವ ಮಾತಾಗಿರಲಿಲ್ಲ. ಆದರೆ ಹಳೆಯ ಉಪಕರಣಗಳು ಅಟ್ಟ ಸೇರಲಿಲ್ಲ. ಎರಡು ಮಾಡ್‌ಗಳು ಒಂದೇ ದಾಖಲೆಯನ್ನು ಎಳೆದಾಡುತ್ತಿವೆಯೇ ಎಂದು ನೋಡಲು ಎಕ್ಸ್‌ಎಡಿಟ್ ಬೇಕು. ಆಕಾರ ಕೆತ್ತಲು ಬ್ಲೆಂಡರ್‌ನ ಸೇತುವೆ ಬೇಕು. ಆಟದ ಎಂಜಿನ್‌ನೊಳಗೇ ಕೈ ಹಾಕುವ ಕೆಲಸಕ್ಕೆ ಎಸ್‌ಎಫ್‌ಎಸ್‌ಇ ಬಿಟ್ಟರೆ ದಾರಿಯಿಲ್ಲ. ಕಿಟ್ ಬಂದ ದಿನದ ಅಪ್‌ಡೇಟ್‌ಗೂ ಅದು ಮತ್ತೆ ಹೊಸ ವಿಳಾಸಗಳನ್ನು ಹುಡುಕಿಕೊಳ್ಳಬೇಕಾಯಿತು.

ಇಂದು ಸ್ಟಾರ್‌ಫೀಲ್ಡ್‌ಗೆ ಮಾಡ್ ಹಾಕಲು ಹೊರಟವರಿಗೆ ಸಿಗುವ ಮೊದಲ ಸೂಚನೆಗಳಲ್ಲಿ ಒಂದು ಈಗಲೂ ಬದಲಾಗಿಲ್ಲ: ಡಾಕ್ಯುಮೆಂಟ್ಸ್ ತೆರೆಯಿರಿ, ‘ಮೈ ಗೇಮ್ಸ್’ ಒಳಗೆ ಹೋಗಿ, ಕಸ್ಟಮ್ ಐಎನ್‌ಐ ಫೈಲಿನಲ್ಲಿ ‘ಆರ್ಕೈವ್’ ಎಂದು ಬರೆದು ಅದರ ಕೆಳಗೆ ಈ ಎರಡು ಸಾಲು ಸೇರಿಸಿ. 2023ರ ಸೆಪ್ಟೆಂಬರ್‌ನಲ್ಲಿ ಸ್ಟಾರ್‌ಯುಐ ಹಾಕಿಕೊಳ್ಳಲು ಬರೆದ ಅವೇ ಎರಡು ಸಾಲು.